ಯಾತ್ರೆಯ ಗಾಡಿಗೆ ಸೂರ್ಯನ ವಿದ್ಯುತ್ತು

ಯುಗಾದಿ ಸಮೀಪಿಸಿತೆಂದರೆ ನಮ್ಮ ಕಲಬುರಗಿ ಸೀಮೆಯ ರಸ್ತೆಗಳಲ್ಲಿ ಒಂದು ನೋಟ ತಪ್ಪದೆ ಕಾಣುತ್ತದೆ. ಹೆಗಲಿಗೆ ಜೋಳಿಗೆ, ತಲೆಗೆ ಟವೆಲು, ಕೆಲವರ ಹೆಗಲ ಮೇಲೆ ಕಂಬಿ. ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆಂದು ನಡೆದು ಹೊರಟವರ ಸಾಲು ಅದು. ಆ ಸಾಲಿನ ಹಿಂದೆಯೋ ಮುಂದೆಯೋ ಒಂದು ಸಣ್ಣ ಲಾರಿ ಇರುತ್ತದೆ. ಜೋಳದ ಹಿಟ್ಟು, ನೀರಿನ ಡ್ರಮ್ಮು, ಒಲೆ, ಹಾಸಿಗೆ, ಔಷಧದ ಡಬ್ಬಿ ಎಲ್ಲವೂ ಅದರಲ್ಲೇ. ಹಗಲು ಅದು ಸಾಮಾನಿನ ಗಾಡಿ. ರಾತ್ರಿ ನಿಂತಲ್ಲಿ ಅದೇ ಮನೆ. ಪರದೇಶಗಳಲ್ಲಿ ಲಾರಿಯ ಮೇಲೆ ಮನೆ ಕಟ್ಟಿಕೊಂಡು ಊರೂರು ತಿರುಗುವವರಿದ್ದಾರೆಂದು ಕೇಳುತ್ತೇವೆ. ನಮ್ಮವರು ಹೆಸರಿಡದೆಯೇ ಅದನ್ನು ಮಾಡಿಕೊಂಡು ಬಂದಿದ್ದಾರೆ.

ಬ್ರಹ್ಮಪುರದ ನಮ್ಮ ಓಣಿಯಿಂದಲೂ ಅಂಥದೊಂದು ಗಾಡಿ ಹೊರಡುತ್ತದೆ. ಗಾಡಿ ನನ್ನ ಅಕ್ಕನ ಮಗನದು. ನಡೆಯುವವರು ಹನ್ನೆರಡು ಮಂದಿ. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಆದ್ದರಿಂದ ಗಾಡಿಯ ದೀಪ, ಫ್ಯಾನು, ತಂತಿಗಳ ಯೋಗಕ್ಷೇಮ ನನ್ನ ಪಾಲಿಗೆ ಬಂತು. ಈ ಹೊತ್ತು ನಾನು ಹೇಳಹೊರಟಿರುವುದು ಆ ಕೆಲಸದಲ್ಲಿ ನಾನು ಮಾಡಿದ ತಪ್ಪನ್ನು, ಮತ್ತು ಆ ತಪ್ಪಿನಿಂದ ಕಲಿತ ಲೆಕ್ಕವನ್ನು.

ನನ್ನ ಅಕ್ಕನಿಗೆ ಸಕ್ಕರೆಕಾಯಿಲೆ. ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಇನ್ನೂ ತೆರೆಯದ ಇನ್ಸುಲಿನ್ ಶೀಶೆಗಳನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿಡಬೇಕು, ಹೆಪ್ಪುಗಟ್ಟಲೂಬಾರದು, ಕಾಯಲೂಬಾರದು. ಶಾಖ ತಗುಲಿದರೆ ಔಷಧದ ಬಲ ಕುಗ್ಗುತ್ತದೆ; ಕಣ್ಣಿಗೆ ಮಾತ್ರ ಎಂದಿನಂತೆಯೇ ಕಾಣಬಹುದು. ಅಕ್ಕ ನಡೆಯುವ ಹರಕೆ ಹೊತ್ತಿದ್ದಳು. ಅದಕ್ಕಾಗಿ ಮೋಟಾರು ಗಾಡಿಗೆಂದೇ ಮಾಡಿದ 12 ವೋಲ್ಟಿನ ಸಣ್ಣ ಫ್ರಿಜ್ಜೊಂದನ್ನು ತಂದೆವು. ನಾನು ಅದರ ತಂತಿಯನ್ನು ಗಾಡಿಯ ಬ್ಯಾಟರಿಗೇ ಜೋಡಿಸಿದೆ. ದೀಪವೂ ಅದಕ್ಕೇ, ಫ್ಯಾನೂ ಅದಕ್ಕೇ, ಹನ್ನೆರಡು ಮಂದಿಯ ಮೊಬೈಲೂ ಅದಕ್ಕೇ.

ರಾಯಚೂರು ದಾಟಿದ ಮೇಲೆ ಒಂದೆಡೆ ಒಂದೂವರೆ ದಿನ ತಂಗಿದೆವು. ಕಾಲಿಗೆ ಬೊಕ್ಕೆ ಬಂದವರು ಹಲವರು. ಗಾಡಿ ನಿಂತೇ ಇತ್ತು. ಎರಡನೆಯ ದಿನ ಸಂಜೆ ಅಕ್ಕ ಹೊಸ ಶೀಶೆ ತೆಗೆಯಲೆಂದು ಪೆಟ್ಟಿಗೆ ತೆರೆದಳು.

“ತಮ್ಮಾ, ಔಷಧ ಬೆಚ್ಚಗ ಆಗ್ಯದ.”

“ರಾತ್ರಿ ದೀಪ ಹತ್ತಿತ್ತಲ್ಲ ಅಕ್ಕಾ, ಬ್ಯಾಟರಿ ಅದ ಅಂತ ತಿಳಕೊಂಡಿದ್ದೆ,” ಎಂದೆ.

ಅಳಿಯ ಗಾಡಿಯ ಚಾವಿ ತಿರುವಿದ. ಟಕ್ಕೆಂಬ ಶಬ್ದ ಬಿಟ್ಟರೆ ಬೇರೇನೂ ಇಲ್ಲ. ಹಿಂದಿನ ರಾತ್ರಿಯೇ ಬ್ಯಾಟರಿ ಬರಿದಾಗಿತ್ತು. ಬಿಸಿಲಿಗೆ ನಿಂತ ಗಾಡಿಯ ಒಳಗೆ ಇಡೀ ಹಗಲು ಆ ಶೀಶೆಗಳು ಕಾದಿದ್ದವು. ಹದಿನೈದು ದಿನಕ್ಕೆಂದು ತಂದ ಔಷಧ ಎಸೆಯಬೇಕಾಯಿತು. ಮರುದಿನ ಅಕ್ಕ ಬಸ್ಸು ಹತ್ತಿ ಕಲಬುರಗಿಗೆ ಹಿಂದಿರುಗಿದಳು. ಹೊರಡುವ ಮುನ್ನ ಅವಳು ಹೇಳಿದ ಮಾತು ನನಗೆ ಇಂದಿಗೂ ಕಿವಿಯಲ್ಲಿದೆ:

“ಮಡಕ್ಯಾಗ ನೀರ ಎಷ್ಟ ಅದ ಅಂತ ಇಣಕಿ ನೋಡ್ತೀವಿ. ಇದರಾಗ ಇಣಕಿ ನೋಡ್ಲಾಕ ಬರಲ್ಲೇನು?”

ವಿಜ್ಞಾನ ಕಲಿಸಿದವನ ಬಳಿ ಆ ದಿನ ಉತ್ತರವಿರಲಿಲ್ಲ.

ನಾನು ಮಾಡಿದ ಮೊದಲ ತಪ್ಪು ಯಾವುದೆಂದರೆ, ಗಾಡಿ ಚಾಲೂ ಮಾಡುವ ಬ್ಯಾಟರಿಯಿಂದ ಮನೆ ನಡೆಸಹೊರಟದ್ದು. ಆ ಬ್ಯಾಟರಿಯ ಸೀಸದ ತಟ್ಟೆಗಳು ತೆಳು. ಒಂದೆರಡು ಕ್ಷಣ ಭಾರಿ ಪ್ರವಾಹ ಕೊಟ್ಟು ಇಂಜಿನನ್ನು ತಿರುಗಿಸಿ, ಕೂಡಲೇ ಮತ್ತೆ ತುಂಬಿಕೊಳ್ಳುವುದಷ್ಟೇ ಅದರ ಕೆಲಸ. ರಾತ್ರಿಯಿಡೀ ಮೆಲ್ಲಗೆ ಬಸಿದರೆ ಅದು ಬೇಗ ಕೆಡುತ್ತದೆ. ಮನೆಯ ಕೆಲಸಕ್ಕೆ ಬೇರೆಯೇ ಬ್ಯಾಟರಿ ಬೇಕು. ಅದನ್ನು ತುಂಬಲು ಬೇರೆಯೇ ಮೂಲ ಬೇಕು. ಕಲಬುರಗಿಯವನಿಗೆ ಆ ಮೂಲವನ್ನು ಹುಡುಕಿಕೊಂಡು ಹೋಗಬೇಕೆ? ನೆತ್ತಿಯ ಮೇಲೇ ಉರಿಯುತ್ತಿದೆ.

ಬೆಳಕು ಬಿದ್ದರೆ ಕೆಲವು ವಸ್ತುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆಂಬುದನ್ನು 1839ರಲ್ಲಿ ಫ್ರಾನ್ಸಿನ ಎದ್ಮೊಂ ಬೆಕ್ವೆರೆಲ್ ಕಂಡುಕೊಂಡರು. ಆದರೆ ಕೆಲಸಕ್ಕೆ ಬರುವಂಥ ಸಿಲಿಕಾನಿನ ಸೌರಕೋಶ ಸಿದ್ಧವಾದದ್ದು 1954ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಚಾಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ಅದನ್ನು ಮಾಡಿದರು. ಬಿದ್ದ ಬಿಸಿಲಿನ ನೂರರಲ್ಲಿ ಸುಮಾರು ಆರು ಪಾಲು ಮಾತ್ರ ಅದು ವಿದ್ಯುತ್ತಾಗಿಸುತ್ತಿತ್ತು. ಇಂದಿನ ಹಲಗೆಗಳು ಇಪ್ಪತ್ತು ಪಾಲು ಮಾಡುತ್ತವೆ. ರೇಡಿಯೋ ಕೇಳುಗರಿಗೆ ಸಂತೋಷದ ಮಾತೊಂದಿದೆ: ಆ ಕೋಶಗಳನ್ನು ಜನರಿಗೆ ತೋರಿಸಿದಾಗ ಅವುಗಳಿಂದ ನಡೆಸಿದ್ದು ಒಂದು ಆಟಿಕೆಯ ತಿರುಗಣೆ ತೊಟ್ಟಿಲನ್ನು, ಮತ್ತು ಒಂದು ರೇಡಿಯೋ ಪ್ರೇಷಕವನ್ನು.

ಹಲಗೆ ಕೊಳ್ಳುವ ಮೊದಲು ಲೆಕ್ಕ ಮಾಡಬೇಕು. ಮನೆಯ ಖರ್ಚು ತಿಳಿಯದೆ ಸಂಬಳ ಸಾಕೋ ಸಾಲದೋ ಹೇಳಲಾದೀತೆ? ವಿದ್ಯುತ್ತಿನ ಖರ್ಚನ್ನು ವ್ಯಾಟ್-ಗಂಟೆಗಳಲ್ಲಿ ಬರೆಯುತ್ತಾರೆ. ಹತ್ತು ವ್ಯಾಟಿನ ದೀಪ ಒಂದು ಗಂಟೆ ಉರಿದರೆ ಹತ್ತು ವ್ಯಾಟ್-ಗಂಟೆ. ಇಂಥ ಸಾವಿರ ಕೂಡಿದರೆ ನಿಮ್ಮ ಮನೆಯ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ಟು. ನಮ್ಮ ಗಾಡಿಯ ಲೆಕ್ಕ ಹೀಗಿತ್ತು. ಫ್ರಿಜ್ಜಿನ ಮೋಟಾರು 45 ವ್ಯಾಟಿನದು. ಬೇಸಿಗೆಯಲ್ಲಿ ದಿನದ ಅರ್ಧಭಾಗ ಓಡುತ್ತದೆಂದರೆ 540. ಐದು ವ್ಯಾಟಿನ ಮೂರು ದೀಪ, ಐದು ಗಂಟೆ: 75. ಹದಿನೈದು ವ್ಯಾಟಿನ ಎರಡು ಫ್ಯಾನು, ಎಂಟು ಗಂಟೆ: 240. ಹನ್ನೆರಡು ಮೊಬೈಲು, ಒಂದಕ್ಕೆ ಹನ್ನೆರಡರಂತೆ: 144. ರೇಡಿಯೋ ಬರೀ 10. ಬಡವ ಪಾಪ, ಎಲ್ಲರಿಗಿಂತ ಕಡಮೆ ಉಣ್ಣುವವನು ಅವನೇ. ಒಟ್ಟು ಸುಮಾರು ಒಂದು ಸಾವಿರ, ಅಂದರೆ ದಿನಕ್ಕೊಂದು ಯೂನಿಟ್ಟು.

ಇನ್ನು ಆದಾಯ. 150 ವ್ಯಾಟಿನ ಎರಡು ಹಲಗೆ ಕೂಡಿದರೆ 300 ವ್ಯಾಟು. ನಮ್ಮ ಕಡೆಯ ಚೈತ್ರದ ಬಿಸಿಲು ದಿನಕ್ಕೆ ಆರು ಗಂಟೆಯ ಪೂರ್ಣ ಬಿಸಿಲಿಗೆ ಸಮ ಎಂದು ಹಿಡಿದರೆ 1800. ಇದು ಕಾಗದದ ಮೇಲಿನ ಮಾತು. ಹಲಗೆಯ ಮೇಲೆ ಬರೆದ ವ್ಯಾಟು ಅದು 25 ಡಿಗ್ರಿ ತಂಪಿನಲ್ಲಿದ್ದಾಗಿನದು. ಗಾಡಿಯ ಮಾಡಿನ ಮೇಲೆ ಮಧ್ಯಾಹ್ನ ಅದು 65 ಡಿಗ್ರಿಗೆ ಕಾಯುತ್ತದೆ. ಒಂದು ಡಿಗ್ರಿ ಏರಿದರೆ ನೂರರಲ್ಲಿ ಸುಮಾರು 0.4 ಪಾಲು ಹೋಗುತ್ತದೆ. 40 ಡಿಗ್ರಿಗೆ 16 ಪಾಲು ಹೋಯಿತು. ಬಿಸಿಲು ಹೆಚ್ಚಾದಷ್ಟೂ ಬೆಳೆ ಹೆಚ್ಚೆಂಬುದು ಇಲ್ಲಿ ಪೂರ್ತಿ ನಿಜವಲ್ಲ. ಹಲಗೆಗೆ ಬೆಳಕು ಬೇಕು, ಕಾವು ಬೇಡ. ಆದ್ದರಿಂದ ಅದನ್ನು ತಗಡಿಗೆ ಅಂಟಿಸದೆ, ಕೆಳಗೆ ಎರಡು ಮೂರು ಬೆರಳು ಗಾಳಿಯಾಡುವಂತೆ ಎತ್ತರಿಸಿ, ಬೋಲ್ಟು ಹಾಕಿ ಬಿಗಿಯಬೇಕು. ಧೂಳು, ತಂತಿ, ಬ್ಯಾಟರಿ ಇವುಗಳ ಪಾಲನ್ನೂ ಕಳೆದರೆ ಮೂರರಲ್ಲೊಂದು ಭಾಗ ಹೋಗಿ 1200 ಉಳಿಯಿತು. ಖರ್ಚು 1000, ಆದಾಯ 1200. ಸಂಸಾರ ನಡೆಯಬಹುದು.

ಹಲಗೆಯನ್ನು ಮಾಡಿನ ಮೇಲೆ ಮಟ್ಟಸವಾಗಿ ಮಲಗಿಸಿದರೆ ನಷ್ಟವಿಲ್ಲವೆ ಎಂದು ನೀವು ಕೇಳಬಹುದು. ಕಲಬುರಗಿ ಭೂಮಧ್ಯರೇಖೆಯಿಂದ 17 ಡಿಗ್ರಿ ಉತ್ತರದಲ್ಲಿದೆ. ಯುಗಾದಿಯ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ಹೆಚ್ಚುಕಡಮೆ ನೆತ್ತಿಯ ಮೇಲೇ ಇರುವುದರಿಂದ ನಷ್ಟ ನೂರಕ್ಕೆ ನಾಲ್ಕೈದು ಮಾತ್ರ. ಡಿಸೆಂಬರಿನಲ್ಲಿ ಹೊರಟರೆ ಕಾಲುಭಾಗದಷ್ಟಾದೀತು.

ಹಲಗೆಗೂ ಬ್ಯಾಟರಿಗೂ ನಡುವೆ ಒಬ್ಬ ನಿಯಂತ್ರಕ ಬೇಕು. ಬ್ಯಾಟರಿ ತುಂಬಿದ ಮೇಲೂ ತುಂಬುತ್ತಲೇ ಹೋಗದಂತೆ ತಡೆಯುವವನು ಅವನು. ಸಾಧಾರಣ ನಿಯಂತ್ರಕ ಹಲಗೆಯ 18 ವೋಲ್ಟನ್ನು ಬ್ಯಾಟರಿಯ 13ಕ್ಕೆ ಎಳೆದು ಹೆಚ್ಚಿನದನ್ನು ವ್ಯರ್ಥ ಮಾಡುತ್ತದೆ. ಎಂ.ಪಿ.ಪಿ.ಟಿ. ಎಂಬ ಬಗೆಯದು ಆ ಹೆಚ್ಚಿನ ವೋಲ್ಟನ್ನು ಪ್ರವಾಹವಾಗಿ ಮಾರ್ಪಡಿಸಿ ಕೊಡುತ್ತದೆ. ಬೆಲೆ ಹೆಚ್ಚು, ಗಳಿಕೆಯೂ ಹೆಚ್ಚು. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಹಲಗೆ. ಬಿಚ್ಚುವಾಗ ಮೊದಲು ಹಲಗೆ, ಆಮೇಲೆ ಬ್ಯಾಟರಿ. ಈ ಕ್ರಮ ತಪ್ಪಿದರೆ ನಿಯಂತ್ರಕ ಸುಟ್ಟೀತು. ನಿಮ್ಮ ಬ್ಯಾಟರಿ ಯಾವ ಜಾತಿಯದೆಂಬುದನ್ನೂ ಅದಕ್ಕೆ ತಿಳಿಸಿಡಬೇಕು.

ತಂತಿಯ ವಿಷಯದಲ್ಲಿ ಜಿಪುಣತನ ಸಲ್ಲದು. ಮನೆಯ 230 ವೋಲ್ಟಿನಲ್ಲಿ ಒಂದು ವೋಲ್ಟು ಹೋದರೆ ಯಾರಿಗೂ ತಿಳಿಯದು. 12ರಲ್ಲಿ ಒಂದು ಹೋದರೆ ಹನ್ನೆರಡರಲ್ಲೊಂದು ಭಾಗವೇ ಹೋಯಿತು. ಐದು ಮೀಟರು ದೂರಕ್ಕೆ, ಹೋಗಿ ಬರಲು ಹತ್ತು ಮೀಟರಿನ 4 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 20 ಆಂಪಿಯರ್ ಹರಿದರೆ ಸುಮಾರು 0.86 ವೋಲ್ಟು ದಾರಿಯಲ್ಲೇ ಕರಗುತ್ತದೆ. 10 ಚದರ ಮಿಲಿಮೀಟರಿನದಾದರೆ 0.34 ಮಾತ್ರ. ಬ್ಯಾಟರಿಯ ಧನ ತುದಿಯಿಂದ ಗೇಣುದ್ದದೊಳಗೆ ಫ್ಯೂಜು ಇರಲೇಬೇಕು. ತಂತಿ ಎಲ್ಲಾದರೂ ಉಜ್ಜಿ ಗಾಡಿಯ ಕಬ್ಬಿಣಕ್ಕೆ ತಗುಲಿದರೆ ಬೆಂಕಿಯನ್ನು ತಡೆಯುವುದು ಅದೊಂದೇ.

ಬ್ಯಾಟರಿಯಲ್ಲಿ ಎರಡು ಬಗೆ. ಸೀಸ-ಆಮ್ಲದ್ದು 1859ರಲ್ಲಿ ಪ್ಲಾಂತೆ ಎಂಬ ಫ್ರೆಂಚ್ ವಿಜ್ಞಾನಿ ಮಾಡಿದ ಹಳೆಯ ಗೆಳೆಯ. ಅಗ್ಗ, ಆದರೆ ಭಾರ. ಅರ್ಧಕ್ಕಿಂತ ಕೆಳಗೆ ಬಸಿದರೆ ಬಾಳಿಕೆ ಕಡಮೆ. ತುಂಬುವಾಗ ಹೈಡ್ರೋಜನ್ ಅನಿಲ ಬಿಡುವುದರಿಂದ ಮಲಗುವ ಕಡೆ ಮುಚ್ಚಿಡಬಾರದು. ಇನ್ನೊಂದು ಲಿಥಿಯಂ-ಕಬ್ಬಿಣ-ಫಾಸ್ಫೇಟಿನದು. ದುಬಾರಿ, ಹಗುರ, ನೂರರಲ್ಲಿ ಎಂಬತ್ತು ಭಾಗ ಬಳಸಬಹುದು. ಸೀಸದ 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಧಾರಾಳವಾಗಿ ಬಳಸಬಹುದಾದದ್ದು 900 ವ್ಯಾಟ್-ಗಂಟೆ. ಲಿಥಿಯಮಿನ 100ರಲ್ಲಿ ಸಾವಿರ. ಎರಡಕ್ಕೂ ಶಾಖ ಆಗದು. ಸೀಸದ್ದು ಹತ್ತು ಡಿಗ್ರಿ ಹೆಚ್ಚು ಕಾವಿನಲ್ಲಿ ಬಾಳಿದರೆ ಆಯುಸ್ಸು ಅರ್ಧಕ್ಕಿಳಿಯುತ್ತದೆಂಬುದು ಸ್ಥೂಲ ಲೆಕ್ಕ. ಲಿಥಿಯಮನ್ನು 45ರಿಂದ 55 ಡಿಗ್ರಿಯೊಳಗೆ ತಯಾರಕರು ಹೇಳಿದ ಮಿತಿ ದಾಟಿ ತುಂಬಬಾರದು. ಆದ್ದರಿಂದ ಬ್ಯಾಟರಿಯನ್ನು ಇಂಜಿನಿನ ಹತ್ತಿರವಿಡದೆ, ಕೆಳಗೆ, ನೆರಳಿನಲ್ಲಿ, ಗಾಳಿಯಾಡುವಂತೆ ಇಟ್ಟೆವು. ನಾವು ಆರಿಸಿದ್ದು ಲಿಥಿಯಮನ್ನು.

ಈಗ ಅಕ್ಕನ ಪ್ರಶ್ನೆಗೆ ಬರೋಣ: ಇಣುಕಿ ನೋಡುವುದು ಹೇಗೆ?

ಸೀಸದ ಬ್ಯಾಟರಿಯಾದರೆ ವೋಲ್ಟ್‌ಮಾಪಕವೊಂದು ಅಷ್ಟಿಷ್ಟು ಹೇಳುತ್ತದೆ. ಏನನ್ನೂ ತುಂಬದೆ, ಏನನ್ನೂ ತೆಗೆಯದೆ ಕೆಲವು ಗಂಟೆ ಸುಮ್ಮನಿಟ್ಟು ನೋಡಿದರೆ 12.7 ಎಂದರೆ ತುಂಬಿದೆ, 12.2 ಎಂದರೆ ಅರ್ಧ, 11.9ಕ್ಕಿಳಿದರೆ ತಳ ಕಾಣುತ್ತಿದೆ. ಆದರೆ ಓಡುತ್ತಿರುವ ಸಂಸಾರದಲ್ಲಿ ಬ್ಯಾಟರಿಗೆ ಸುಮ್ಮನಿರಲು ಬಿಡುವೆಲ್ಲಿ? ಬಿಸಿಲಿದ್ದಾಗ ಅಂಕಿ ಮೇಲೇರಿ ಮೋಸಮಾಡುತ್ತದೆ; ಫ್ಯಾನು ಹಾಕಿದಾಗ ಕೆಳಗಿಳಿದು ಹೆದರಿಸುತ್ತದೆ. ಲಿಥಿಯಮಿನಲ್ಲಂತೂ ಮುಕ್ಕಾಲು ಇದ್ದರೂ ಅರ್ಧ ಇದ್ದರೂ ವೋಲ್ಟು 13.2ರ ಹತ್ತಿರವೇ ನಿಂತಿರುತ್ತದೆ. ಕೊನೆಗೆ ಒಮ್ಮೆಲೇ ಕುಸಿಯುತ್ತದೆ. ನಗುನಗುತ್ತಲೇ ಇದ್ದು ಮನೆ ಸಾಲದಲ್ಲಿದೆಯೆಂದು ಕೊನೆಯ ದಿನ ಹೇಳುವ ಯಜಮಾನನಂತೆ.

ಆದ್ದರಿಂದ ಮಡಕೆಯೊಳಗೆ ಇಣುಕುವುದನ್ನು ಬಿಟ್ಟು, ಬಂದ ಕೊಡ ಹೋದ ತಂಬಿಗೆಗಳನ್ನು ಎಣಿಸಬೇಕು. ಇದಕ್ಕೆ ಷಂಟ್ ಎಂಬ ಸಾಧನವಿದೆ. ಅದು ಬಹು ಸಣ್ಣ ರೋಧವುಳ್ಳ ಒಂದು ಲೋಹದ ತುಂಡು. ಬ್ಯಾಟರಿಯ ಋಣ ತುದಿಗೆ ಅದನ್ನು ಜೋಡಿಸಿದರೆ ಒಳಬರುವ, ಹೊರಹೋಗುವ ಪ್ರವಾಹವೆಲ್ಲ ಅದರ ಮೂಲಕವೇ ಹಾಯಬೇಕು. ಹಾಯುವಾಗ ಅದರ ಎರಡು ತುದಿಗಳ ನಡುವೆ ಒಂದಿಷ್ಟು ಮಿಲಿವೋಲ್ಟು ತೋರುತ್ತದೆ. ಮಾಪಕ ಅದನ್ನು ಅಳೆದು, ಗಡಿಯಾರದೊಡನೆ ಕೂಡಿಸಿ, ಜಮಾ ಎಷ್ಟು ಖರ್ಚು ಎಷ್ಟು ಎಂದು ಲೆಕ್ಕವಿಡುತ್ತದೆ. ನೂರರಲ್ಲಿ ಎಷ್ಟು ಉಳಿದಿದೆ ಎಂದು ಗಾಜಿನ ಮೇಲೆ ತೋರಿಸುತ್ತದೆ. ಸಣ್ಣಪುಟ್ಟ ತಪ್ಪುಗಳು ಕೂಡುತ್ತ ಹೋಗುವುದರಿಂದ ಬ್ಯಾಟರಿ ಪೂರ್ತಿ ತುಂಬಿದಾಗಲೆಲ್ಲ ಲೆಕ್ಕ ನೂರಕ್ಕೆ ಬಂದು ಹೊಸದಾಗಿ ಆರಂಭವಾಗಬೇಕು.

ಇದನ್ನೆಲ್ಲ ಜೋಡಿಸಿದ ಮೇಲೆ ಈ ಸಲ ಪರೀಕ್ಷೆ ಮಾಡದೆ ಹೊರಡಲಿಲ್ಲ. ಎಂಟು ದಿನ ಗಾಡಿ ಬ್ರಹ್ಮಪುರದ ನಮ್ಮ ಮನೆಯ ಮುಂದೆ ನಿಂತಿತು. ಫ್ರಿಜ್ಜಿನಲ್ಲಿ ಔಷಧದ ಬದಲು ನೀರಿನ ಶೀಶೆಗಳು, ಜೊತೆಗೊಂದು ಉಷ್ಣಮಾಪಕ. ಅಕ್ಕ ಹಾಲಿನ ಲೆಕ್ಕದ ಹಳೆಯ ನೋಟುಪುಸ್ತಕದಲ್ಲಿ ಬೆಳಿಗ್ಗೆ ಸಂಜೆ ಅಂಕಿ ಬರೆದಳು. ಐದನೆಯ ದಿನ ಮಾಪಕ ಅರವತ್ತು ಉಳಿದಿದೆ ಎನ್ನುತ್ತಿರುವಾಗಲೇ ಬ್ಯಾಟರಿ ಕಣ್ಣುಮುಚ್ಚಿತು. ನಾನು ಮಾಪಕವನ್ನು ಬೈದೆ. ಅಕ್ಕ ಪುಸ್ತಕ ತೆರೆದಳು.

“ಓಣ್ಯಾಗಿನ ಮಂದಿ ಎಲ್ಲಾ ಮೊಬೈಲ್ ತಂದು ಇಲ್ಲೇ ಹಚ್ಚಲಾಕತ್ತ್ಯಾರ. ಆ ಖರ್ಚ ಇದರಾಗ ಬಂದೇ ಇಲ್ಲ ನೋಡು.”

ನಿಜ. ಮೊಬೈಲಿನ ಸಾಕೆಟ್ಟಿನ ಋಣತಂತಿಯನ್ನು ನಾನು ಷಂಟಿನ ಆಚೆಗೆ ಕೊಡದೆ ನೇರವಾಗಿ ಬ್ಯಾಟರಿಗೇ ಕೊಟ್ಟಿದ್ದೆ. ಅಂಗಡಿಯ ಹಿಂಬಾಗಿಲಿನಿಂದ ಹೋದ ಸರಕು ಖಾತೆಗೆ ಬರುವುದೆಂತು? ಒಂದು ತಂತಿ ಬದಲಿಸಿದೆ, ಲೆಕ್ಕ ಸರಿಹೋಯಿತು. ಬ್ಯಾಟರಿಯ ಋಣ ತುದಿಗೆ ಷಂಟಿನ ಹೊರತು ಬೇರೊಂದು ತಂತಿಯೂ ಇರಕೂಡದೆಂಬ ನಿಯಮವನ್ನು ನಾನು ಓದಿದ್ದೆ; ಕಲಿತದ್ದು ಆ ದಿನ.

ಎರಡನೆಯ ಪರೀಕ್ಷೆಗೆ ಹುಮನಾಬಾದ ರಸ್ತೆಯಲ್ಲಿ ಕಮಲಾಪುರಕ್ಕೆ ಹೋದೆವು. ಕೆಂಪು ಬಾಳೆಗೆ ಹೆಸರಾದ ಊರು ಅದು. ಬಳಗದವರ ತೋಟದಂಚಿನ ಹುಣಸೆಮರದಡಿ ಅಳಿಯ ಗಾಡಿ ನಿಲ್ಲಿಸಿದ. ಬೇಸಿಗೆಯಲ್ಲಿ ಗಾಡಿ ನಿಲ್ಲಿಸುವವನು ನೆರಳು ಹುಡುಕದಿರುತ್ತಾನೆಯೆ? ಆದರೆ ಮಾಪಕ ನೋಡಿದರೆ ಜಮಾ ಹೆಚ್ಚುಕಡಮೆ ನಿಂತೇಹೋಗಿತ್ತು. ಹಲಗೆಯ ಕೋಶಗಳು ಸರಪಳಿಯಂತೆ ಒಂದರ ಹಿಂದೊಂದು ಜೋಡಣೆಯಾಗಿರುತ್ತವೆ. ಒಂದು ಕೊಂಡಿಗೆ ನೆರಳು ಬಿದ್ದರೆ ಆ ಸಾಲೆಲ್ಲ ಸೊರಗುತ್ತದೆ. ಗಾಡಿಗೆ ನೆರಳು ಬೇಕು, ಹಲಗೆಗೆ ಬಿಸಿಲು ಬೇಕು. ಅತ್ತೆ ಸೊಸೆಯರಂತೆ ಇಬ್ಬರನ್ನೂ ಒಪ್ಪಿಸುವ ಉಪಾಯವೆಂದರೆ ಒಂದು ಹಲಗೆಯನ್ನು ಕಳಚಿ ಇಳಿಸುವಂತೆ ಮಾಡಿ, ಉದ್ದನೆಯ ದಪ್ಪ ತಂತಿಯೊಡನೆ ಬಿಸಿಲಿಗೆ ಇಡುವುದು. ಹಾಗೆಯೇ ಮಾಡಿದೆವು.

ಅಲ್ಲೇ ಇನ್ನೊಂದು ಸಂಗತಿ ತಿಳಿಯಿತು. ರೇಡಿಯೋ ಹಚ್ಚಿದರೆ ಬರೀ ಗುಂಯ್‌ಗುಟ್ಟುವ ಸದ್ದು. ನಿಯಂತ್ರಕವು ಕ್ಷಣಕ್ಕೆ ಸಾವಿರಾರು ಸಲ ಪ್ರವಾಹವನ್ನು ಕಡಿದು ಕೂಡಿಸುವುದರಿಂದ ಅದು ತಾನೇ ಒಂದು ಪುಟ್ಟ ಪ್ರೇಷಕದಂತೆ ವರ್ತಿಸಿ ಮಧ್ಯಮ ತರಂಗಗಳನ್ನು ಕೆಡಿಸುತ್ತದೆ. ರೇಡಿಯೋವನ್ನು ಆರೇಳು ಅಡಿ ದೂರವಿಟ್ಟು, ಪೆಟ್ಟಿಗೆಯನ್ನು ಸ್ವಲ್ಪ ಅತ್ತಿತ್ತ ತಿರುಗಿಸಿದರೆ ಸದ್ದು ತಗ್ಗುತ್ತದೆ. ಸೂರ್ಯ ಮುಳುಗಿದ ಮೇಲೆ ಹಲಗೆಯ ಕೆಲಸ ನಿಲ್ಲುವುದರಿಂದ ರಾತ್ರಿಯ ಕಾರ್ಯಕ್ರಮಗಳಿಗೆ ಅದರ ಕಾಟವಿಲ್ಲ.

ಇಂಥ ಗಾಡಿ ಮಾಡಿಕೊಳ್ಳುವವರಿಗೆ ಎರಡು ಎಚ್ಚರಿಕೆ. ದೊಡ್ಡ ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಕೂಡಿ 24 ಆಗಿರುತ್ತವೆ. ಒಂದರಿಂದ ಮಾತ್ರ 12 ಕದ್ದರೆ ಎರಡೂ ಕೆಡುತ್ತವೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಗಾಡಿಯ ಸ್ವರೂಪವನ್ನು ಮನಬಂದಂತೆ ಬದಲಿಸುವಂತಿಲ್ಲ. ಸಾರಿಗೆ ಕಚೇರಿಯಲ್ಲಿ ಮೊದಲು ವಿಚಾರಿಸಬೇಕು. ಸಾಮಾನಿನ ಗಾಡಿಯ ಹಿಂಭಾಗದಲ್ಲಿ ಜನರನ್ನು ಕೂಡಿಸಿ ಓಡಿಸುವುದಂತೂ ಬೇಡವೇ ಬೇಡ. ನಮ್ಮ ಗಾಡಿ ನಿಂತಾಗಲಷ್ಟೇ ಮನೆ.

ಮರುವರ್ಷ ಅಕ್ಕ ಮತ್ತೆ ನಡೆದಳು. ದಿನವೂ ಬೆಳಿಗ್ಗೆ ಚಹಾಕ್ಕಿಂತ ಮೊದಲು ಮಾಪಕ ನೋಡಿ ಪುಸ್ತಕದಲ್ಲಿ ಬರೆಯುವಳು. ನಲವತ್ತಕ್ಕಿಳಿದ ಒಂದು ಮೋಡದ ದಿನ ಆಕೆಯದೇ ಅಪ್ಪಣೆಯಾಯಿತು: ಫ್ಯಾನು ಬಂದ್, ಮೊಬೈಲು ಬಂದ್, ಫ್ರಿಜ್ಜು ಮಾತ್ರ ಚಾಲೂ. ಯಾರೂ ಎದುರಾಡಲಿಲ್ಲ. ಆತ್ಮಕೂರು ದಾಟಿ ವೆಂಕಟಾಪುರದಿಂದ ನಲ್ಲಮಲದ ಕಾಡಿನ ಕಾಲುದಾರಿ ಹಿಡಿದಾಗ ಗಾಡಿ ದೋರ್ನಾಲದ ಘಟ್ಟದ ರಸ್ತೆಯಿಂದ ಸುತ್ತಿಬಂತು. ಆ ದಾರಿಗೆ ಬೇಕಾದ ಒಂದು ಶೀಶೆಯನ್ನು ಅಕ್ಕ ಒದ್ದೆ ಬಟ್ಟೆ ಸುತ್ತಿದ ಸಣ್ಣ ಕುಡಿಕೆಯಲ್ಲಿಟ್ಟುಕೊಂಡಳು. ನೀರು ಆರುವಾಗ ತಂಪು ಮಾಡುವ ಆ ಯಂತ್ರಕ್ಕೆ ಬ್ಯಾಟರಿ ಬೇಕಿಲ್ಲ. ಶ್ರೀಶೈಲದಲ್ಲಿ ಗಾಡಿ ಸೇರಿದಾಗ ಅವಳು ಮೊದಲು ಪೆಟ್ಟಿಗೆ ತೆರೆದು ಉಷ್ಣಮಾಪಕ ನೋಡಿದಳು. ಐದು ಡಿಗ್ರಿ. ಆಮೇಲೆ ದರ್ಶನಕ್ಕೆ ನಡೆದಳು.

ಗಾಡಿಯಿಲ್ಲದ ನಿಮಗೆ ಈ ಮಾತೆಲ್ಲ ಏಕೆಂದು ಕೇಳಬೇಡಿ. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಇನ್ವರ್ಟರಿದೆ. ಅದರ ಕೆಳಗೆ ಒಂದು ಬ್ಯಾಟರಿ ಧೂಳು ಹಿಡಿದು ಕುಳಿತಿದೆ. ಅದರಲ್ಲಿ ಈಗ ಎಷ್ಟಿದೆ ಎಂದು ನಿಮಗೆ ಗೊತ್ತೆ? ಅದರ ನೀರು ನೋಡಿ ಎಷ್ಟು ದಿನವಾಯಿತು? ಮನೆಯಲ್ಲಿ ತಂಪಿನಲ್ಲಿಡಬೇಕಾದ ಔಷಧವಿದ್ದರೆ, ಹಾಸಿಗೆ ಹಿಡಿದ ಹಿರಿಯರಿದ್ದರೆ, ನಾಳೆ ಬೆಳಿಗ್ಗೆಯೇ ಒಮ್ಮೆ ಇಣುಕಿ ನೋಡಿರಿ. ದೀಪ ಉರಿಯುತ್ತಿದೆ ಎಂಬುದು ಬ್ಯಾಟರಿ ತುಂಬಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಒಂದು ನೋಟುಪುಸ್ತಕ, ಒಂದು ಪೆನ್ಸಿಲು ಪಕ್ಕದಲ್ಲಿರಲಿ. ನಮ್ಮ ಗಾಡಿಯಲ್ಲಿ ಅವೆರಡೂ ಮಾಪಕದ ಪಕ್ಕದಲ್ಲೇ ದಾರಕಟ್ಟಿ ತೂಗುಬಿದ್ದಿವೆ.